ಗೊತ್ತಿದ್ದೂ ಬರೆಯದ ಮಕ್ಕಳು

ಪ್ರಶ್ನೆ ಕೇಳಿದೊಡನೆ ಎಲ್ಲರಿಗಿಂತ ಮೊದಲು ಕೈ ಎತ್ತುವ ಹುಡುಗ, ಪ್ರಯೋಗದ ಸಲಕರಣೆ ಜೋಡಿಸುವುದರಲ್ಲಿ ಗಟ್ಟಿಗಿತ್ತಿ ಎನಿಸಿಕೊಂಡ ಹುಡುಗಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಮಾತ್ರ ಇಬ್ಬರ ಅಂಕವೂ ಐವತ್ತರ ಆಸುಪಾಸು. ಇಂಥ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ. ಮನೆಯವರು ‘ಸರಿಯಾಗಿ ಓದಲಿಲ್ಲ’ ಎನ್ನುತ್ತಾರೆ. ಶಾಲೆಯವರು ‘ಗಮನ ಸಾಲದು’ ಎನ್ನುತ್ತಾರೆ. ಮಗುವಾದರೋ ‘ನನಗೆ ತಲೆಯೇ ಇಲ್ಲ’ ಎಂದು ನಂಬಿಬಿಡುತ್ತದೆ. ಈ ಮೂರರಲ್ಲಿ ಕೊನೆಯದೇ ಅಪಾಯಕಾರಿ. ಬಿಡದಿ ಸಮೀಪದ ಬೈರಮಂಗಲದಂಥ ಊರುಗಳಲ್ಲಿ ಹುಡುಗ ಕಾಲೇಜಿಗೋ ಕಾರ್ಖಾನೆಯ ಗೇಟಿಗೋ, ಹುಡುಗಿ ಪಿಯುಸಿಗೋ ಹಸೆಮಣೆಗೋ ಎಂಬುದನ್ನು ಎಷ್ಟೋ ಮನೆಗಳಲ್ಲಿ ಈ ಒಂದು ಅಂಕಪಟ್ಟಿಯೇ ತೀರ್ಮಾನಿಸುತ್ತದೆ.

ಅಂಕವೆಂಬುದು ಬುದ್ಧಿಯ ನೇರ ಅಳತೆಯಲ್ಲ. ರಾಜ್ಯದಲ್ಲಿ 2023ರಲ್ಲಿ ಶೇ 83.89ರಷ್ಟಿದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದ 2024ರಲ್ಲಿ, ಕೃಪಾಂಕ ಹೆಚ್ಚಿಸಿಯೂ, ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಇಷ್ಟು ಕುಸಿಯಲು ಸಾಧ್ಯವಿಲ್ಲ. ಬದಲಾದದ್ದು ಪರೀಕ್ಷೆಯ ಕಟ್ಟುಪಾಡು. ಯಾರ ನೆರವೂ ಇಲ್ಲದೆ ಮೂರು ತಾಸು ಕುಳಿತು ಬರೆಯುವುದು ಒಂದು ಬೇರೆಯೇ ವಿದ್ಯೆ; ಅದನ್ನೂ ಕಲಿಸಬೇಕಾಗುತ್ತದೆ.

ಭಯ ಮಾಡುವ ಕಳವು

ಲೆಕ್ಕ ಬಿಡಿಸುವಾಗ ಸೂತ್ರ, ಸಂಖ್ಯೆ, ಚಿಹ್ನೆಗಳನ್ನು ಮನಸ್ಸು ಕ್ಷಣಕಾಲ ಒಟ್ಟಿಗೆ ಹಿಡಿದುಕೊಳ್ಳಬೇಕು. ಈ ತಾತ್ಕಾಲಿಕ ಸ್ಮರಣೆಯ ಜಾಗ ಬಹಳ ಕಿರಿದು. ‘ಫೇಲಾದರೆ ಅಪ್ಪ ಏನನ್ನುತ್ತಾರೋ’ ಎಂಬ ಚಿಂತೆ ಅಲ್ಲಿ ಬಂದು ಕುಳಿತರೆ ಸೂತ್ರಕ್ಕೆ ಎಡೆ ಉಳಿಯುವುದಿಲ್ಲ. ಸ್ವಲ್ಪ ಆತಂಕ ಒಳ್ಳೆಯದೇ, ಅದು ಮಿತಿ ಮೀರಿದರೆ ಕೆಲಸ ಕೆಡುತ್ತದೆ ಎಂಬ ವಿಚಾರಕ್ಕೆ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಮನೋವಿಜ್ಞಾನಿಗಳು 1908ರಷ್ಟು ಹಿಂದೆಯೇ ಬುನಾದಿ ಹಾಕಿದ್ದರು. ಅಮೆರಿಕದ ರಾಮಿರೆಜ್ ಮತ್ತು ಬೈಲಾಕ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕುತೂಹಲಕರ. ಪರೀಕ್ಷೆಗೆ ಮುನ್ನ ಹತ್ತು ನಿಮಿಷ ತಮ್ಮ ಭಯವನ್ನು ಕಾಗದದ ಮೇಲೆ ಬರೆದಿಟ್ಟ ಅಂಜುಬುರುಕ ವಿದ್ಯಾರ್ಥಿಗಳು, ಧೈರ್ಯವಂತ ಸಹಪಾಠಿಗಳಿಗೆ ಸಮನಾಗಿ ಉತ್ತರಿಸಿದರು. ಖರ್ಚಿಲ್ಲದ ಈ ಉಪಾಯವನ್ನು ಯಾವ ಹಳ್ಳಿ ಶಾಲೆಯಲ್ಲೂ ಮಾಡಿ ನೋಡಬಹುದು.

ಓದಿದರೆ ಸಾಲದು

ಪುಟಕ್ಕೆ ಪುಟ ಗೆರೆ ಎಳೆದು ಐದಾರು ಬಾರಿ ಓದುವ ಮಗುವಿಗೆ ಪಾಠ ಪರಿಚಿತವೆನಿಸುತ್ತದೆ. ಪರಿಚಯವನ್ನೇ ಅದು ಕಲಿಕೆಯೆಂದು ತಿಳಿಯುತ್ತದೆ. ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಇದನ್ನು ಪರೀಕ್ಷಿಸಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಒಮ್ಮೆ ಓದಿ, ಪುಸ್ತಕ ಮುಚ್ಚಿ, ಮೂರು ಬಾರಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದಿದ್ದರು. ಒಂದು ವಾರ ಕಳೆದ ಮೇಲೆ ಓದಿದವರಲ್ಲಿ ಉಳಿದದ್ದು ಶೇ 40. ಬರೆದವರಲ್ಲಿ ಶೇ 61.

ಬರೆಯುವ ಅಭ್ಯಾಸವಿಲ್ಲದಿದ್ದರೆ ಗೊತ್ತಿದ್ದ ಉತ್ತರವೂ ತಪ್ಪುತ್ತದೆ. 10 ಸೆಂ.ಮೀ. ಸಂಗಮ ದೂರದ ಪೀನ ಮಸೂರದ ಮುಂದೆ 15 ಸೆಂ.ಮೀ. ದೂರದಲ್ಲಿ ವಸ್ತುವಿದ್ದರೆ ಬಿಂಬ 30 ಸೆಂ.ಮೀ. ದೂರದಲ್ಲಿ ಮೂಡುತ್ತದೆ. ವಸ್ತುದೂರಕ್ಕೆ ಋಣ ಚಿಹ್ನೆ ಹಾಕುವುದು ಮರೆತರೆ ಉತ್ತರ 6 ಸೆಂ.ಮೀ.! ಮಗುವಿಗೆ ಮಸೂರ ಅರ್ಥವಾಗಿದೆ, ಸೂತ್ರವೂ ಬಂದಿದೆ. ಹೋದದ್ದು ಒಂದು ಸಣ್ಣ ಗೆರೆ. ಏಕಮಾನ ಬರೆಯದಿರುವುದು, ಕಿರಣಚಿತ್ರಕ್ಕೆ ಬಾಣದ ಗುರುತು ಬಿಡುವುದು, ‘ಕಾರಣ ಕೊಡಿ’ ಎಂದಲ್ಲಿ ವ್ಯಾಖ್ಯೆ ಬರೆಯುವುದು, ಇವೆಲ್ಲ ಇದೇ ಜಾತಿಯ ನಷ್ಟಗಳು.

ಮನೆಯೊಳಗಿನ ಕಾರಣ

ರೇಷ್ಮೆ ಸೀಮೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದಿತೆಂದರೆ ಮನೆಮಂದಿಗೆಲ್ಲ ನಿದ್ದೆಯಿಲ್ಲ. ತನ್ನ ಜೀವಮಾನದ ಬಹುಪಾಲು ಸೊಪ್ಪನ್ನು ಹುಳ ತಿನ್ನುವುದು ಈ ಒಂದು ವಾರದಲ್ಲೇ. ಬೆಳೆ ಮಾರ್ಚ್ ತಿಂಗಳಲ್ಲಿ ಹಣ್ಣಾದರೆ, ಸೊಪ್ಪು ಬಿಡಿಸುವ ಕೈಗಳಲ್ಲಿ ಹತ್ತನೇ ತರಗತಿಯ ಮಗುವಿನ ಕೈಯೂ ಇರುತ್ತದೆ. ಹಗಲು ಓದಿದ್ದು ನೆನಪಿನಲ್ಲಿ ನೆಲೆಯೂರುವುದು ನಿದ್ದೆಯಲ್ಲಿ. ನಿದ್ದೆಗೆಟ್ಟು ಓದಿಸುವುದೂ ಅಷ್ಟೇ ವ್ಯರ್ಥ. ಜ್ವರಕ್ಕೆ ಕುಳಿತ ಹುಳಕ್ಕೆ ಯಾವ ರೈತನೂ ಸೊಪ್ಪು ಹಾಕುವುದಿಲ್ಲವಲ್ಲ!

ದೃಷ್ಟಿದೋಷ, ರಕ್ತಹೀನತೆಗಳನ್ನು ಮರೆಯಬಾರದು. ಚುರುಕಾಗಿ ಮಾತಾಡುವ ಮಗು ಅಕ್ಷರಗಳನ್ನು ಸದಾ ಅದಲುಬದಲು ಮಾಡುತ್ತಿದ್ದರೆ ಅದು ಸೋಮಾರಿತನವಲ್ಲ, ಕಲಿಕಾ ನ್ಯೂನತೆ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಮಾನ್ಯ ಮಾಡಿದೆ. ತಜ್ಞರ ಪ್ರಮಾಣಪತ್ರ ಪಡೆದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯವೂ ಸಿಗುತ್ತದೆ.

ಏನು ಮಾಡಬೇಕು?

ಪ್ರತಿ ಕಿರುಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದಾಗ, ಕಳೆದುಹೋದ ಒಂದೊಂದು ಅಂಕದ ಮುಂದೆಯೂ ಮಗುವೇ ಕಾರಣ ಬರೆಯಲಿ: ‘ಗೊತ್ತಿರಲಿಲ್ಲ’, ‘ಗೊತ್ತಿತ್ತು, ತಪ್ಪಿತು’, ‘ಸಮಯ ಸಾಲಲಿಲ್ಲ’. ಮೊದಲನೆಯದಕ್ಕೆ ಪಾಠ ಬೇಕು, ಎರಡನೆಯದಕ್ಕೆ ಬರೆಯುವ ಅಭ್ಯಾಸ, ಮೂರನೆಯದಕ್ಕೆ ಗಡಿಯಾರ. ಎಲ್ಲಕ್ಕೂ ‘ಇನ್ನೂ ಓದು’ ಎಂಬ ಒಂದೇ ಮದ್ದು ಕೊಟ್ಟರೆ ರೋಗ ಗುಣವಾಗದು.

ವಿಜ್ಞಾನ ಪತ್ರಿಕೆಯ 80 ಅಂಕಗಳಿಗೆ, ಪ್ರಶ್ನೆ ಓದಿಕೊಳ್ಳುವ 15 ನಿಮಿಷ ಬಿಟ್ಟು, 180 ನಿಮಿಷಗಳಿವೆ. ಅಂಕಕ್ಕೆ ಎರಡು ನಿಮಿಷದಂತೆ ಬರೆದರೂ ಪರಿಶೀಲನೆಗೆ 20 ನಿಮಿಷ ಉಳಿಯುತ್ತದೆ. ಹಳೆಯ ಪತ್ರಿಕೆಗಳನ್ನು ಹೀಗೆ ಗಡಿಯಾರ ಇಟ್ಟುಕೊಂಡು ವಾರಕ್ಕೊಮ್ಮೆ ಬರೆದರೆ ಪರೀಕ್ಷಾ ಕೊಠಡಿ ಅಪರಿಚಿತವೆನಿಸದು. ಹುಳು ಮನೆಯ ಕೆಲಸ ತಪ್ಪಿಸಲಾಗದಿದ್ದರೆ, ಪರೀಕ್ಷೆಯ ದಿನಗಳಿಗೆ ಬೆಳೆ ಹಣ್ಣಾಗದಂತೆ ಚಾಕಿ ತರುವ ದಿನವನ್ನು ಹಿಂದುಮುಂದು ಮಾಡುವುದು ತಂದೆತಾಯಿಯ ಕೈಯಲ್ಲೇ ಇದೆ.

2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶವನ್ನು ಮಂಡಳಿ ಒದಗಿಸಿದೆ. ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಮೊದಲ ಫಲಿತಾಂಶದ ಸಂಜೆ ಮಗುವಿನ ಕೈಗೆ ಮಚ್ಚು, ಮಂಕರಿ ಕೊಡುವ ಬದಲು ಎರಡನೇ ಪರೀಕ್ಷೆಯ ಅರ್ಜಿ ತುಂಬಿಸಬೇಕು. ಅದಕ್ಕೆ ಕೆಲವೇ ದಿನಗಳ ಗಡುವಿರುತ್ತದೆ.