ಹೆಸರಿಲ್ಲದ ಬೇನೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮನೆಮಾತಾದ ತುಳುವಿನಲ್ಲಿ ತಲೆನೋವು ‘ತರೆಬೇನೆ’, ಹೊಟ್ಟೆನೋವು ‘ಬಂಜಿಬೇನೆ’. ಮೈಯ ನೋವನ್ನು ಹೀಗೆ ಹೆಸರಿಟ್ಟು ವೈದ್ಯರೆದುರು ಹೇಳಿಕೊಳ್ಳಲು ಯಾರಿಗೂ ಸಂಕೋಚವಿಲ್ಲ. ಮನಸ್ಸು ನೊಂದಾಗ ಮಾತ್ರ ಸಾಮಾನ್ಯವಾಗಿ ‘ಬೇಜಾರು’ ಎಂಬೊಂದು ಮಾತಿಗೆ ಎಲ್ಲವೂ ಮುಗಿಯುತ್ತದೆ. ಜಡಿಮಳೆಯ ದಿನದ ಬೇಸರಕ್ಕೂ ಅದೇ ಮಾತು, ಬದುಕೇ ಬೇಡವೆನಿಸುವ ಸಂಕಟಕ್ಕೂ ಅದೇ ಮಾತು. ಎಷ್ಟೋ ವೇಳೆ ಆ ಸಂಕಟವು ತಲೆನೋವಿನ ವೇಷ ತೊಟ್ಟೇ ಆಸ್ಪತ್ರೆಯ ಮೆಟ್ಟಿಲೇರುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಷ್ನೈಡ್‌ಮನ್ ಅವರು 1993ರಲ್ಲಿ ಇದಕ್ಕೆ ‘ಸೈಕೇಕ್’, ಅಂದರೆ ಮನೋವೇದನೆ, ಎಂದು ಹೆಸರಿಟ್ಟರು. ಪ್ರೀತಿ, ಮಾನ, ಆಸರೆಗಳಂಥ ಮೂಲ ಅಗತ್ಯಗಳಿಗೆ ಭಂಗ ಬಂದಾಗ ಹುಟ್ಟುವ ವೇದನೆಯಿದು. ಅದು ಸಹನೆಯ ಎಲ್ಲೆ ಮೀರಿದಾಗ ಮನುಷ್ಯನ ದೃಷ್ಟಿ ಸಾವಿನ ಕಡೆ ಹೊರಳುತ್ತದೆ. ಅವನು ಬಯಸುವುದು ಸಾವನ್ನಲ್ಲ, ನೋವಿನ ಕೊನೆಯನ್ನು ಎಂಬುದು ಅವರ ಮತ.

ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಇಪ್ಪತ್ತು ಮಂದಿಗೊಬ್ಬರು ಖಿನ್ನತೆಯನ್ನು ಅನುಭವಿಸಿದವರು. ಅವರಲ್ಲಿ ಹೆಚ್ಚಿನವರು ಸಾವಿನ ದಾರಿ ಹಿಡಿಯುವುದಿಲ್ಲ. ಹಾಗಾದರೆ ಅಪಾಯದಲ್ಲಿರುವವರು ಯಾರು? ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಇದಕ್ಕೆ ಸುಳಿವು ನೀಡಿತು: ಖಿನ್ನತೆಯ ಪ್ರಮಾಣ ಸಮನಾಗಿದ್ದರೂ, ಸಾವನ್ನು ಕುರಿತು ಯೋಚಿಸಿದವರಲ್ಲಿ ಮನೋವೇದನೆ ಹೆಚ್ಚು ತೀವ್ರವಾಗಿತ್ತು. ಇಂಥವನು ಹೀಗೆಯೇ ಮಾಡುವನೆಂದು ಯಾವ ಅಳತೆಗೋಲೂ ಖಚಿತವಾಗಿ ಹೇಳಲಾರದು; ಆದರೆ ರೋಗದ ಹೆಸರಿನಷ್ಟೇ ನೋವಿನ ಆಳವನ್ನೂ ವಿಚಾರಿಸಬೇಕೆಂಬುದು ಸ್ಪಷ್ಟ.

ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಕಡೆ ನೋಡಿದರೆ ಈ ಮಾತಿನ ಅರ್ಥ ಹೊಳೆಯುತ್ತದೆ. ಅಲ್ಲಿನ ಗೇರುತೋಪುಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಆ ವಿಷಕ್ಕೆ ದೇಶದಲ್ಲೆಲ್ಲ ತಡೆ ಹಾಕಿತು. ಆದರೆ ಹಾಸಿಗೆ ಹಿಡಿದ ಮಕ್ಕಳನ್ನು ಸಾಕುವ ತಂದೆತಾಯಿಯರ ಅಳಲಿಗೆ ಯಾವ ತೀರ್ಪೂ ತಡೆ ಹಾಕಲಾರದು. ತಾವು ಕಣ್ಮುಚ್ಚಿದ ಮೇಲೆ ಈ ಕಂದನಿಗೆ ಯಾರು ಗತಿ ಎಂಬ ಕೊರಗು ರೋಗವಲ್ಲ. ಅದು ಆಸರೆ ತಪ್ಪಿದ ಜೀವದ ನೋವು. ಅದಕ್ಕೆ ಗುಳಿಗೆಯೊಂದೇ ಸಾಲದು. ಕೊಕ್ಕಡದಲ್ಲಿ ತೆರೆದ ಪಾಲನಾ ಕೇಂದ್ರವು ಹಗಲು ನಾಲ್ಕು ಗಳಿಗೆ ಆ ಮಗುವನ್ನು ನೋಡಿಕೊಂಡರೆ, ತಾಯಿಗೆ ದೊರೆಯುವ ಬಿಡುವೂ ಔಷಧವೇ.

ಮನೆಯವರು ಮಾಡಬೇಕಾದುದೇನು? ಸಾವಿನ ವಿಚಾರವೆತ್ತಿದರೆ ಆ ಯೋಚನೆಯನ್ನು ತಾವೇ ಬಿತ್ತಿದಂತಾದೀತೆಂದು ಅನೇಕರು ಅಂಜುತ್ತಾರೆ. ಈ ಅಂಜಿಕೆಗೆ ಆಧಾರವಿಲ್ಲ. ನೋವು ತಾಳಲಾಗದಷ್ಟಾಗಿದೆಯೇ, ಬದುಕು ಬೇಡವೆನಿಸಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಬೇಕು. ಉಪದೇಶ ಮಾಡದೆ ಆಲಿಸಬೇಕು. ಹೌದೆಂಬ ಉತ್ತರ ಬಂದರೆ ಅವರನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

‘ಬೇಜಾರು’ ಎಂಬ ಮಾತು ಕಿವಿಗೆ ಬಿದ್ದಾಗ, ಎಷ್ಟು ಎಂದು ಕೇಳುವವರು ಮನೆಯಲ್ಲೊಬ್ಬರಾದರೂ ಇರಬೇಕು.