ತಂಗಡಿ ಕಂಟಿಗೆ ರಸ್ತೆ ಬದಿಯ ಜಾಗ

ರಾಣೆಬೆನ್ನೂರು ಸೀಮೆಯ ಬೀಜೋತ್ಪಾದನೆ ಹೊಲಗಳಲ್ಲಿ ಹುಳುಗಳ ಕೆಲಸವನ್ನು ಹೆಣ್ಣುಮಕ್ಕಳ ಬೆರಳು ಮಾಡುತ್ತವೆ. ಮದುವೆಗೆ ಮೊದಲು ನಾನೂ ಕ್ರಾಸಿಂಗ್‌ಗೆ ಹೋದವಳು. ಟೊಮೆಟೊ ಮೊಗ್ಗು ಅರಳುವ ಮೊದಲೇ ಬಿಡಿಸಿ, ಚಿಮಟದಿಂದ ಗಂಡು ಕೇಸರ ಕಿತ್ತು, ಮರುದಿನ ಮುಂಜಾನೆ ಗಂಡು ಸಾಲಿನ ಪರಾಗ ತಂದು ಮುಟ್ಟಿಸಬೇಕು. ಗುರುತಿಗೆಂದು ಹೂವಿನ ಬುಡದ ಹಸಿರು ಎಸಳು ಎರಡನ್ನು ಕತ್ತರಿಸಬೇಕು. ಒಂದೊಂದೇ ಹೂವು, ಬಗ್ಗಿದ ಸೊಂಟ ಎತ್ತದೆ, ಬಿಸಿಲೇರುವ ತನಕ. ಒಂದು ಕಾಯಿ ಕಟ್ಟುವುದರ ಹಿಂದಿನ ದುಡಿಮೆ ಎಷ್ಟೆಂದು ಈ ಕೈಗಳಿಗೆ ಗೊತ್ತು. ಉಳಿದ ಹೊಲಗಳಲ್ಲಿ ಇದನ್ನೆಲ್ಲ ಕೂಲಿಯಿಲ್ಲದೆ ಮಾಡುವ ಹುಳುಗಳಿಗೆ ನಾವು ಉಣ್ಣಲು ಏನು ಉಳಿಸಿದ್ದೇವೆ?

ನಮ್ಮ ಮಸಾರಿ ಹೊಲಗಳಲ್ಲಿ ಹಿಂದೆ ಗುರೆಳ್ಳು, ಎಳ್ಳು, ಸೂರ್ಯಕಾಂತಿ ಇರುತ್ತಿದ್ದವು. ಗುರೆಳ್ಳಿನ ಹಳದಿ ಹೂವಿಗೆ ಜೇನು ಮುತ್ತುತ್ತಿತ್ತು. ಈಗ ಕಣ್ಣು ಹಾಯುವಷ್ಟು ದೂರ ಗೋವಿನಜೋಳ. ಅದರ ಪರಾಗ ಗಾಳಿಯಲ್ಲಿ ಹಾರುತ್ತದೆ, ಹೂವಿನಲ್ಲಿ ಮಕರಂದವಿಲ್ಲ. ಕಟಾವಾದ ಮೇಲೆ ಮುಂಗಾರಿನ ತನಕ ಹೊಲವೆಲ್ಲ ಬಯಲು. ಬದುವಿಗೂ ಕಳೆ ಎಣ್ಣೆ ಹೊಡೆಯುತ್ತಾರೆ. ಯಾರೂ ಉಳದೆ ಬಿಟ್ಟ ನೆಲವೆಂದರೆ ರಸ್ತೆ ಬದಿ ಒಂದೇ.

ಅಲ್ಲಿ ಬೆಳೆದಿರುವುದು ಕಾಂಗ್ರೆಸ್ ಹುಲ್ಲು. ಹೆದ್ದಾರಿಗಳ ಡಿವೈಡರ್‌ನಲ್ಲಿ ಸಾಮಾನ್ಯವಾಗಿ ಕಣಗಿಲೆ, ಕಾಗದದ ಹೂ. ಕಣಗಿಲೆಯನ್ನು ದನ ತಿನ್ನುವುದಿಲ್ಲ, ನೀರು ಕಡಿಮೆ ಸಾಕು, ಎದುರು ಗಾಡಿಯ ಬೆಳಕನ್ನೂ ತಡೆಯುತ್ತದೆ. ಡಿವೈಡರ್‌ಗೆ ಅದು ತಕ್ಕ ಗಿಡವೇ. ಆದರೆ ಆ ಹೂವಿನಲ್ಲೂ ಮಕರಂದವಿಲ್ಲ. ಬಣ್ಣ ನೋಡಿ ಬಂದ ಹುಳು ಬರಿಗೈಯಲ್ಲಿ ಹೋಗುತ್ತದೆ.

ರಸ್ತೆಯ ಹೊರ ಅಂಚಿಗೆ ನಾನು ಕೇಳುವುದು ನಮ್ಮದೇ ತಂಗಡಿ ಕಂಟಿಯನ್ನು. ಹಟ್ಟಿಹಬ್ಬಕ್ಕೆ ಸಗಣಿಯ ಪಾಂಡವರಿಗೆ ಉತ್ತರಾಣಿ ಕಡ್ಡಿಯ ಜೊತೆ ಇದರ ಹೂವನ್ನೂ ಸಿಕ್ಕಿಸುತ್ತಿದ್ದೆವು. ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ತಂಗಡಿಯಲ್ಲಿಯೂ ಮಕರಂದವಿಲ್ಲ ನಿಜ, ಆದರೆ ಪರಾಗ ಹೇರಳ, ದುಂಬಿ ತನ್ನ ಮರಿಗಳಿಗೆ ಕೂಡಿಡುವುದು ಪರಾಗವನ್ನೇ. ಈ ಹೂವಿನ ಪರಾಗಚೀಲ ಬಿರಿಯುವುದಿಲ್ಲ, ತುದಿಯಲ್ಲಿ ಸಣ್ಣ ತೂತು ಮಾತ್ರ. ಒಣ ಕಟ್ಟಿಗೆ ಕೊರೆದು ಗೂಡು ಮಾಡುವ ದೊಡ್ಡ ಕರಿ ದುಂಬಿ ಹೂವನ್ನು ಅವುಚಿ ಹಿಡಿದು, ಎದೆಯ ಸ್ನಾಯುಗಳನ್ನು ಝುಂಯ್ ಎಂದು ನಡುಗಿಸಿದಾಗ ಪರಾಗ ಉದುರುತ್ತದೆ. ಹೆಜ್ಜೇನಿಗೆ, ತುಡುವೆಗೆ ಈ ವಿದ್ಯೆ ಬಾರದು. ಬದನೆ ಹೂವಿನ ಕಟ್ಟೋಣವೂ ಹೀಗೆಯೇ. ರಸ್ತೆ ಬದಿಯ ತಂಗಡಿಗೆ ಬಂದ ದುಂಬಿಯೇ ಪಕ್ಕದ ಬದನೆ ಮಡಿಗೂ ಬರುತ್ತದೆ. ತಂಗಡಿಯ ಎಲೆ ತಿಂದು ಬೆಳೆಯುವ ಚಿಟ್ಟೆಗಳೂ ಇವೆ.

ಮಕರಂದಕ್ಕೆ ತುಂಬೆ, ಲಕ್ಕಿ, ಎಕ್ಕೆ ಇವೆ. ಬೇಸಿಗೆಗೆ ಹೊಂಗೆ, ಬೇವು.

ಬ್ಯಾಡಗಿಯವರು ಕೇಳಬಹುದು, ಮೆಣಸಿನ ಗಿಡಕ್ಕೆ ಹುಳು ಯಾಕೆ ಬೇಕು ಎಂದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಮೆಣಸು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಆದರೂ ಹುಳು ಬಂದು ಹೋದ ಹೂವಿನಲ್ಲಿ ಬೀಜ ಚೆನ್ನಾಗಿ ತುಂಬುತ್ತದೆ. ಉಳ್ಳಾಗಡ್ಡಿ ಬೀಜ ಬೆಳೆಯುವವರಿಗಂತೂ ಜೇನು, ನೊಣಗಳಿಲ್ಲದೆ ನಡೆಯುವುದೇ ಇಲ್ಲ.

ದುಡ್ಡಿನ ಮಾತಿಗೆ ಬಂದರೆ, ಕೇಂದ್ರದ 2015ರ ಹಸಿರು ಹೆದ್ದಾರಿ ನೀತಿಯಲ್ಲಿ ಯೋಜನಾ ವೆಚ್ಚದ ಶೇ 1ರಷ್ಟನ್ನು ಗಿಡ ಬೆಳೆಸಲು ಮೀಸಲಿಡುವ ಮಾತಿದೆ. ಆದರೆ ಮೊದಲು ಶುರುವಾಗಬೇಕಾದ್ದು ಹೆದ್ದಾರಿಯಲ್ಲಲ್ಲ. ವೇಗದ ಗಾಡಿಗಳಿಗೆ ಚಿಟ್ಟೆ, ದುಂಬಿ ಬಡಿದು ಸಾಯುತ್ತವೆ. ಬ್ಯಾಡಗಿಯಿಂದ, ಹಾವೇರಿಯಿಂದ ಹಳ್ಳಿಗಳಿಗೆ ಹೋಗುವ ಸಣ್ಣ ರಸ್ತೆಗಳೇ ಮೇಲು. ತಿರುವಿನಲ್ಲಿ ಮಾತ್ರ ಎತ್ತರದ ಕಂಟಿ ಬೇಡ, ಎದುರು ಬರುವವರು ಕಾಣಬೇಕು; ಅಲ್ಲಿಗೆ ತುಂಬೆ ಸಾಕು.

ತಂಗಡಿ ಬೀಜದ ಸಿಪ್ಪೆ ಗಟ್ಟಿ. ಒಣಗಿದ ಕಾಯಿ ಆರಿಸಿ, ಬೀಜವನ್ನು ಬಿಸಿ ನೀರಿಗೆ ಹಾಕಿ ರಾತ್ರಿಯಿಡೀ ನೆನೆಸಿಟ್ಟು, ಮೊದಲ ಮಳೆ ಬಿದ್ದ ಮೇಲೆ ಕಾಂಗ್ರೆಸ್ ಕಿತ್ತ ಜಾಗದಲ್ಲಿ ಊರಬೇಕು. ತುಂಬೆ ತಾನೇ ಬೀಜ ಉದುರಿಸಿ ಹಬ್ಬುತ್ತದೆ. ಬ್ರಿಟನ್ನಿನಲ್ಲಿ ಹೂಗಿಡಗಳಿಗೆಂದು ಬಿಟ್ಟ ರಸ್ತೆ ಅಂಚನ್ನು ಬೀಜ ಉದುರಿದ ಮೇಲೆ ಕೊಯ್ದು, ಕೊಯ್ದ ಹುಲ್ಲನ್ನು ಅಲ್ಲೇ ಬಿಡದೆ ಹೊತ್ತೊಯ್ಯುತ್ತಾರೆ. ನಮ್ಮಲ್ಲಿ ಹೂವಿರುವಾಗಲೇ ಜೆಸಿಬಿ ಬರುತ್ತದೆ, ಇಲ್ಲವೇ ಯಾರೋ ಬೆಂಕಿ ಇಡುತ್ತಾರೆ. ಸವರುವ ಕೆಲಸವನ್ನು ಕಾಯಿ ಒಣಗುವ ತನಕ ಮುಂದಕ್ಕೆ ಹಾಕಲು ಗ್ರಾಮ ಪಂಚಾಯಿತಿಯ ಒಂದು ಠರಾವು ಸಾಕು. ಯಾವ ಗಿಡ ಯಾವ ನೆಲಕ್ಕೆ ಎಂದು ಕೇಳಲು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ರಾಣೆಬೆನ್ನೂರು ತಾಲ್ಲೂಕಿನಲ್ಲೇ ಇದೆ.