ಪಾಲಿಶ್ ಕೊಡುವುದೇನು, ಕಳೆಯುವುದೇನು?

ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಮಂಗಳೂರಿನಲ್ಲಿ 3,500ಕ್ಕೂ ಹೆಚ್ಚು. ನಾಲತವಾಡದ ಎರೆಮಣ್ಣಿನ ಧೂಳು ಹೊತ್ತ ಕಾರೊಂದು ಮಳೆಗಾಲದಲ್ಲಿ ಮಂಗಳೂರಿಗೆ ಹೋಯಿತೆನ್ನಿ. ಬೆಳಗ್ಗೆ ಮಾಲೀಕರು ಒದ್ದೆ ಧೂಳನ್ನು ಬಟ್ಟೆಯಿಂದ ಉಜ್ಜುತ್ತಾರೆ. ಧೂಳಿನಲ್ಲಿರುವ ಮರಳಿನ ಕಣಗಳು ಬಣ್ಣಕ್ಕಿಂತ ಗಡುಸು. ಅವು ಎಳೆದ ಸೂಕ್ಷ್ಮ ಗೀರುಗಳಲ್ಲಿ ಬೆಳಕು ಚದುರುವುದರಿಂದ ಕಾರು ಮಂಕಾಗಿ ಕಾಣುತ್ತದೆ.

ಪಾಲಿಶ್ ಈ ಗೀರುಗಳನ್ನು ತುಂಬುತ್ತದೆ ಎಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಅದು ಸುತ್ತಲಿನ ಲೇಪವನ್ನೇ ಸವೆಸಿ ಗೀರಿನ ಮಟ್ಟಕ್ಕೆ ತರುತ್ತದೆ. ಬಣ್ಣದ ಮೇಲಿನ ಪಾರದರ್ಶಕ ಲೇಪದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ಸುಮಾರು ಒಂದು ತಲೆಗೂದಲಿಗಿಂತಲೂ ತೆಳು. ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಯುವುದೂ ಅದೇ. ಪ್ರತಿ ಪಾಲಿಶ್‌ಗೂ ಅದು ಸ್ವಲ್ಪ ಸವೆಯುತ್ತದೆ. ಸವೆದದ್ದು ಮರಳಿ ಬಾರದು.

ಉಗುರು ಆಡಿಸಿದಾಗ ತಡೆಯುವಷ್ಟು ಗೀರು ಆಳವಾಗಿದ್ದರೆ ಪಾಲಿಶ್ ಸಾಲದು. ಅದು ತಗಡನ್ನು ಮುಟ್ಟಿದ್ದರೆ ತೇವ ಮತ್ತು ಆಮ್ಲಜನಕ ಸೇರಿ ತುಕ್ಕು ಹಿಡಿಸುತ್ತವೆ. ಕಡಲ ಗಾಳಿಯ ಉಪ್ಪು ಅದನ್ನು ಚುರುಕುಗೊಳಿಸುತ್ತದೆ. ಅಲ್ಲಿ ತುಕ್ಕು ಕೆರೆದು, ಪ್ರೈಮರ್ ಹಚ್ಚಿ, ಬಣ್ಣ ಬಳಿಯಲೇಬೇಕು.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಧಾರಾಳ ನೀರು ಹೊಯ್ದು ಧೂಳು ಇಳಿಸಿ. ತೇವದ ಹವೆಯಲ್ಲಿ ನೀರು ಬೇಗ ಆರದು. ಮೆತ್ತನೆಯ ಬಟ್ಟೆಯಿಂದ ಬಾಗಿಲಿನ ಸಂದುಗಳನ್ನೂ ಒಣಗಿಸಿ. ಕೊಳವೆಬಾವಿಯ ಗಡಸು ನೀರು ತಾನಾಗಿ ಆರಿದರೆ ಬಿಳಿ ಕಲೆ ಉಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ನೆರಳಿನಲ್ಲಿ ಮೇಣ ಹಚ್ಚಿ. ಪಾಲಿಶ್ ಲೇಪವನ್ನು ಕಳೆಯುತ್ತದೆ, ಮೇಣ ಅದರ ಮೇಲೊಂದು ಹೊದಿಕೆ ಹಾಕುತ್ತದೆ. ಗೀರೇ ಬೀಳದಂತೆ ತೊಳೆದವರಿಗೆ ಪಾಲಿಶಿನ ಅಗತ್ಯ ಅಪರೂಪ.